ಬನ್ನಿ ಮತ್ತು ಬಳ್ಳಾರಿ ಜಾಲಿ

ದಖನ್ನಿನ ಒಣಭೂಮಿಯಲ್ಲಿ ಬೆಳೆಯುವ ಮುಳ್ಳುಗಿಡಗಳಲ್ಲಿ ಎರಡು ವಿಶೇಷ ವಿಚಾರಕ್ಕೆ ಅರ್ಹವಾದುವು. ಒಂದು ಬನ್ನಿ, ಇನ್ನೊಂದು ಬಳ್ಳಾರಿ ಜಾಲಿ. ಮೊದಲನೆಯದನ್ನು ಜನರು ವರ್ಷಕ್ಕೊಮ್ಮೆ ಪೂಜಿಸುತ್ತಾರೆ. ಎರಡನೆಯದನ್ನು ವರ್ಷವಿಡೀ ಶಪಿಸುತ್ತಾರೆ. ಆದರೆ ಪೂಜೆ ಪಡೆಯುವ ಮರವನ್ನು ನೆಟ್ಟು ಬೆಳೆಸುವವರು ವಿರಳ. ಶಾಪಕ್ಕೆ ಗುರಿಯಾದ ಗಿಡವಾದರೋ ಯಾರೂ ನೆಡದೆ ಬೆಳೆದು, ಬಡವರ ಒಲೆಯನ್ನು ಉರಿಸುತ್ತಿದೆ. ಎರಡೂ ಮರುಭೂಮಿಯ ಬಾಳಿಗೆ ಒಗ್ಗಿದುವು, ಎರಡಕ್ಕೂ ಮುಳ್ಳುಂಟು, ಎರಡರ ಎಲೆಯೂ ಸೂಕ್ಷ್ಮವಾಗಿ ಸೀಳಿದ ಗರಿಯಂತಿರುವುದು. ಹೀಗಿದ್ದೂ ಒಂದು ತಾನು ನಿಂತ ನೆಲವನ್ನು ಕಾಯುತ್ತದೆ, ಇನ್ನೊಂದು ಅದನ್ನು ಆಕ್ರಮಿಸುತ್ತದೆ. ಈ ಭೇದಕ್ಕೆ ಗಿಡಗಳ ಸ್ವಭಾವವೆಷ್ಟು ಕಾರಣ, ಮನುಷ್ಯನ ನಡವಳಿಕೆಯೆಷ್ಟು ಕಾರಣ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಹೆಸರುಗಳು ಹೇಳುವ ಚರಿತ್ರೆ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಎರಡು ಗಿಡಗಳೂ ಅಪರಿಚಿತವಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದ ನೆಲವೇ ಆಗಿದ್ದುವು. ಆಡಳಿತದ ಗಡಿ ಅಂದು ಬದಲಾಯಿತು. ಮಣ್ಣು, ಮಳೆ, ಮುಳ್ಳು ಬದಲಾಗಲಿಲ್ಲ. ಆ ಜಿಲ್ಲೆಗಳಿಂದ ಬಂದವರು ಬಾಲ್ಯದಲ್ಲಿ ಬನ್ನಿಯೆಂದು ಕರೆದ ಮರವನ್ನೇ ತೆಲುಗರು ಜಮ್ಮಿ ಎನ್ನುತ್ತಾರೆ, ಸಂಸ್ಕೃತದಲ್ಲಿ ಅದು ಶಮೀ, ರಾಜಸ್ಥಾನದಲ್ಲಿ ಖೇಜಡಿ. ಕನ್ನಡನಾಡಿನ ಬಡಗಣ ಭಾಗದಲ್ಲಿ ದಸರೆಯ ದಿನ ಬನ್ನಿಯ ಎಲೆಯನ್ನು ಕೈಗಿತ್ತು ‘ಬಂಗಾರದ ಹಾಗೆ ಇರೋಣ’ ಎಂದು ಹಾರೈಸುವ ವಾಡಿಕೆಯುಂಟಷ್ಟೆ. ತೆಲಂಗಾಣದವರೂ ಅಂದು ಜಮ್ಮಿಯ ಎಲೆಯನ್ನು ‘ಬಂಗಾರ’ವೆಂದೇ ಹೇಳಿ ಹಂಚಿ, ಪರಸ್ಪರ ಆಲಂಗಿಸಿಕೊಳ್ಳುತ್ತಾರೆ. 2014ರಲ್ಲಿ ತೆಲಂಗಾಣವು ಪ್ರತ್ಯೇಕ ರಾಜ್ಯವಾದಾಗ ಜಮ್ಮಿಯನ್ನೇ ತನ್ನ ರಾಜ್ಯವೃಕ್ಷವನ್ನಾಗಿ ಆರಿಸಿಕೊಂಡಿತು. ಅದಕ್ಕೆ ಬಹು ಮುಂಚೆಯೇ, 1983ರಲ್ಲಿ, ರಾಜಸ್ಥಾನ ಹಾಗೆಯೇ ಮಾಡಿತ್ತು.

ಬಳ್ಳಾರಿ ಜಾಲಿಯ ಹೆಸರುಗಳು ಇನ್ನೊಂದು ಬಗೆಯವು. ತೆಲುಗಿನಲ್ಲಿ ಅದು ‘ಸರ್ಕಾರು ತುಮ್ಮ’, ಎಂದರೆ ಸರ್ಕಾರದ ಜಾಲಿ. ತಮಿಳಿನಲ್ಲಿ ‘ಸೀಮೈ ಕರುವೇಲಂ’, ಎಂದರೆ ಸೀಮೆಯ ಕರಿಜಾಲಿ. ಹಿಂದಿಯಲ್ಲಿ ‘ವಿಲಾಯತಿ ಬಬೂಲ್’. ಗುಜರಾತಿಯಲ್ಲಿ ‘ಗಾಂಡೋ ಬಾವಳ್’, ಎಂದರೆ ಹುಚ್ಚು ಜಾಲಿ. ಒಬ್ಬರು ಅದನ್ನು ಸರ್ಕಾರದ ತಲೆಗೆ ಕಟ್ಟಿದರು; ಇನ್ನೊಬ್ಬರು ಕಡಲಾಚೆಯದೆಂದರು; ಮತ್ತೊಬ್ಬರು ಹುಚ್ಚೆಂದು ಹಳಿದರು. ಕನ್ನಡಿಗರು ಮಾತ್ರ ಬಳ್ಳಾರಿಯ ಹೆಸರನ್ನು ಅಂಟಿಸಿದರು. ಯಾವ ಭಾಷೆಯವರೂ ಅದನ್ನು ತಮ್ಮ ಊರಿನ ಗಿಡವೆಂದು ಒಪ್ಪಿಕೊಂಡಿಲ್ಲವೆಂಬುದು ಈ ಹೆಸರುಗಳಿಂದ ಸ್ಪಷ್ಟವಾಗುತ್ತದೆ. ಅದು ನಿಜವಾದ ಜಾಲಿಯೂ ಅಲ್ಲ. ನಾಡಿನ ಕರಿಜಾಲಿ, ಬಿಳಿಜಾಲಿಗಳ ಪಂಗಡವೇ ಬೇರೆ. ಮುಳ್ಳಿನ ಹೋಲಿಕೆಯಿಂದ ಮಾತ್ರ ಈ ಹೆಸರು ಬಂದಿದೆ.

ಸಸ್ಯಶಾಸ್ತ್ರಜ್ಞರು ಬಹುಕಾಲ ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಎಣಿಸಿದ್ದರು. ಬನ್ನಿಗೆ ಪ್ರೊಸೋಪಿಸ್ ಸಿನೆರೇರಿಯ ಎಂದು ಹೆಸರು. ಎಲೆಯ ಬೂದಿ ಬಣ್ಣವನ್ನು ಈ ಪದ ಸೂಚಿಸುತ್ತದೆ. ಬಳ್ಳಾರಿ ಜಾಲಿ ಪ್ರೊಸೋಪಿಸ್ ಜೂಲಿಫ್ಲೋರ ಎನಿಸಿಕೊಂಡಿತ್ತು. 2022ರಲ್ಲಿ ವಂಶವಾಹಿಗಳ ಪರೀಕ್ಷೆಯ ಆಧಾರದಿಂದ ಈ ಕುಲವನ್ನು ವಿಂಗಡಿಸಲಾಯಿತು. ಬನ್ನಿಯೂ ಅದರ ಹತ್ತಿರದ ಎರಡು ಜಾತಿಗಳೂ ಮಾತ್ರ ಹಳೆಯ ಹೆಸರಿನಲ್ಲಿ ಉಳಿದುವು. ಅಮೆರಿಕ ಖಂಡದ ಬಹುತೇಕ ಜಾತಿಗಳೊಡನೆ ಬಳ್ಳಾರಿ ಜಾಲಿಯು ನೆಲ್ಟುಮ ಎಂಬ ಬೇರೆ ಕುಲಕ್ಕೆ ಸೇರಿತು. ಹಳ್ಳಿಗನು ಎಂದಿನಿಂದಲೋ ಬೇರೆಯೆಂದು ಬಗೆದ ಎರಡು ಗಿಡಗಳನ್ನು ಶಾಸ್ತ್ರವೂ ಹೀಗೆ ಈಚೆಗೆ ಬೇರ್ಪಡಿಸಿದೆ.

ಬಳ್ಳಾರಿ ಜಾಲಿ ಬಂದ ಬಗೆ

ಬಳ್ಳಾರಿ ಜಾಲಿಯ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಹಾಗೂ ದಕ್ಷಿಣ ಅಮೆರಿಕದ ಬಡಗಣ ಅಂಚು. ಅದು ಭಾರತಕ್ಕೆ ತಾನಾಗಿ ಬಂದುದಲ್ಲ. 1876ರಲ್ಲಿ ಮದರಾಸು ಆಧಿಪತ್ಯದ ಅರಣ್ಯಾಧಿಕಾರಿಯೂ ಪ್ರಸಿದ್ಧ ಸಸ್ಯಶಾಸ್ತ್ರಜ್ಞನೂ ಆಗಿದ್ದ ಬೆಡ್ಡೋಂ ಎಂಬಾತನು ಈ ಗಿಡದ ಬೀಜವನ್ನು ತರಿಸಬೇಕೆಂದು ಸರ್ಕಾರಕ್ಕೆ ಬರೆದನು. ಜಮೈಕಾ ದ್ವೀಪದಿಂದ ಬಂದ ಬೀಜವನ್ನು ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಲಾಯಿತು. ಬಳ್ಳಾರಿಯೂ ಆಗ ಮದರಾಸು ಆಧಿಪತ್ಯಕ್ಕೇ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಕನ್ನಡದ ಹೆಸರು ಈ ಗಿಡವು ಮೂಡಣದಿಂದ ಬಳ್ಳಾರಿಯ ಮೂಲಕ ಒಳನಾಡಿಗೆ ಬಂದ ದಾರಿಯನ್ನೇ ಸೂಚಿಸುವಂತಿದೆ.

ಆ ಕಾಲವನ್ನು ನೆನೆದರೆ ಈ ಆಯ್ಕೆಯು ಅವಿವೇಕದ್ದೆಂದು ತೋರುವುದಿಲ್ಲ. ಮದರಾಸಿನಿಂದ ಕಡಪ, ಗುಂತಕಲ್ಲುಗಳನ್ನು ಹಾಯ್ದು ರಾಯಚೂರನ್ನು ಮುಟ್ಟುವ ರೈಲುಮಾರ್ಗವು 1871ರಲ್ಲಿ ಪೂರ್ಣವಾಗಿತ್ತು. ದಕ್ಷಿಣದಲ್ಲಿ ಕಲ್ಲಿದ್ದಲಿಗಿಂತ ಸೌದೆ ಸುಲಭವಾಗಿ ದೊರೆಯುತ್ತಿದ್ದುದರಿಂದ ರೈಲು ಎಂಜಿನುಗಳು ಕಾಡಿನ ಮರವನ್ನು ತಿನ್ನುತ್ತಿದ್ದುವು. ಅದರ ಮೇಲೆ 1876ರಿಂದ 1878ರವರೆಗೆ ಘೋರ ಕ್ಷಾಮವು ಬಳ್ಳಾರಿ, ಕಡಪ, ಕರ್ನೂಲು, ಮೈಸೂರು ಸೀಮೆಗಳನ್ನು ನಡುಗಿಸಿತು. ನೀರೆರೆಯದೆ ಬೆಳೆಯುವ, ದನ ಮೇಯದ, ಕಡಿದಷ್ಟೂ ಚಿಗುರುವ ಸೌದೆಗಿಡವೊಂದು ಅಂದಿನ ಅಧಿಕಾರಿಗಳಿಗೆ ವರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಇತರ ಕಡೆಗಳಲ್ಲಿಯೂ ಸರ್ಕಾರಗಳೇ ಮುಂದಾದುವು. ಜೋಧಪುರ ಸಂಸ್ಥಾನವು 1940ರಲ್ಲಿ ಇದನ್ನು ‘ರಾಜಸಸ್ಯ’ವೆಂದು ಸಾರಿ, ಪ್ರಜೆಗಳು ಇದನ್ನು ರಕ್ಷಿಸಬೇಕೆಂದು ವಿಧಿಸಿತು. ಕಚ್ಛದ ರಣವು ಮುಂದೊತ್ತಿ ಬರುವುದನ್ನು ತಡೆಯಲೆಂದು 1961ರಲ್ಲಿ ಗುಜರಾತಿನ ಹುಲ್ಲುಗಾವಲೊಂದರ ಅಂಚಿನಲ್ಲಿ ಇದನ್ನು ನೆಡಲಾಯಿತು. ಆ ಹುಲ್ಲುಗಾವಲಿನ ಹೆಸರೂ ಕಾಕತಾಳೀಯವಾಗಿ ಬನ್ನಿಯೇ. ರಣವನ್ನು ತಡೆಯಲು ಬಂದ ಗಿಡ ಹುಲ್ಲುಗಾವಲಿನ ಬಹುಭಾಗವನ್ನು ನುಂಗಿತು. ಅಲ್ಲಿನ ದನಗಾಹಿಗಳು ಇದನ್ನು ಹುಚ್ಚು ಜಾಲಿಯೆಂದುದು ಸುಮ್ಮನೆ ಅಲ್ಲ.

ಒಣನೆಲದಲ್ಲಿ ಬಾಳುವ ಉಪಾಯಗಳು

ಹೈದರಾಬಾದು ಮರುಭೂಮಿಯಲ್ಲ, ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ ಅಲ್ಲಿ ಬೀಳುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಕೆಲವೇ ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ಕಗ್ಗಲ್ಲಿನ ಮೇಲಿರುವ ತೆಳುಮಣ್ಣು ಉಳಿದ ತಿಂಗಳುಗಳಲ್ಲಿ ಮರಳುಗಾಡಿನಷ್ಟೇ ಕಠಿನ. ರಾಯಚೂರು, ಬಳ್ಳಾರಿಗಳಲ್ಲಿ ಮಳೆ ಇನ್ನೂ ಕಡಮೆ. ಆದುದರಿಂದ ಮರುಭೂಮಿಯ ಗಿಡಗಳ ಉಪಾಯಗಳು ಇಲ್ಲಿಯೂ ಸಲ್ಲುತ್ತವೆ.

ಮೊದಲನೆಯ ಉಪಾಯ ಬೇರು. ಎರಡು ಗಿಡಗಳೂ ತಾಯಿಬೇರನ್ನು ಬಹಳ ಆಳಕ್ಕೆ ಇಳಿಸುತ್ತವೆ. ಬಳ್ಳಾರಿ ಜಾಲಿಯ ಬಳಗಕ್ಕೆ ಸೇರಿದ ಮರವೊಂದರ ಬೇರು 53 ಮೀಟರು ಆಳದಲ್ಲಿ ಸಿಕ್ಕಿದ್ದು ಅಮೆರಿಕದ ಅರಿಜೋನದ ಗಣಿಯೊಂದರಲ್ಲಿ ಕಂಡುಬಂದು, 1963ರಲ್ಲಿ ವರದಿಯಾಯಿತು. ಬನ್ನಿಯ ಸಸಿಯು ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಬೆಳೆಯುವುದೇ ಹೆಚ್ಚು. ನೋಡುವವನಿಗೆ ಗಿಡ ಕುಗ್ಗಿದಂತೆ ಕಾಣುತ್ತದೆ; ಅದು ನೀರನ್ನು ಅರಸಿ ಪಾತಾಳಕ್ಕೆ ಇಳಿಯುತ್ತಿರುತ್ತದೆ.

ಎರಡನೆಯದು ಎಲೆಯ ರಚನೆ. ದೊಡ್ಡ ಎಲೆಯ ಬದಲು ನೂರಾರು ಕಿರಿಯ ಪತ್ರಕಗಳಿರುವುದರಿಂದ ಬಿಸಿಲಿನ ತಾಪ ಬೇಗ ಚದುರಿಹೋಗುತ್ತದೆ. ಇತರ ಮರಗಳು ಬರಿದಾಗಿ ನಿಂತ ಬೇಸಗೆಯಲ್ಲಿ ಬನ್ನಿ ಹೊಸ ಚಿಗುರನ್ನು ಹೊರುತ್ತದೆ. ಮೂರನೆಯದು ಮುಳ್ಳು, ಇದು ಮೇಯುವ ಬಾಯಿಗೆ ಅಡ್ಡಿ. ನಾಲ್ಕನೆಯದು ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಸಹವಾಸ. ಇವು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವುದರಿಂದ ಬಡ ಮಣ್ಣಿನಲ್ಲಿಯೂ ಗಿಡ ಸೊರಗುವುದಿಲ್ಲ.

ಇಲ್ಲಿಯವರೆಗೆ ಎರಡೂ ಸಮಾನ. ಇಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಬನ್ನಿಯ ಎಲೆಯನ್ನು ಆಡು, ಕುರಿ, ಒಂಟೆಗಳು ಪ್ರೀತಿಯಿಂದ ತಿನ್ನುತ್ತವೆ. ಬಳ್ಳಾರಿ ಜಾಲಿಯ ಎಲೆಯಲ್ಲಿ ಕ್ಷಾರಸತ್ತ್ವಗಳೂ ಒಗರೂ ತುಂಬಿರುವುದರಿಂದ ಆಡೂ ಅದನ್ನು ಸಾಧ್ಯವಾದಷ್ಟು ದೂರವಿಡುತ್ತದೆ. ಆದರೆ ಅದರ ಕಾಯಿ ಸಿಹಿ. ಎಲೆಯನ್ನು ಮುಟ್ಟದ ದನ ಕಾಯಿಯನ್ನು ಹುಡುಕಿ ತಿನ್ನುತ್ತದೆ. ಗಟ್ಟಿ ಕವಚದ ಬೀಜ ಅರಗದೆ, ಹೊಟ್ಟೆಯ ರಸದಿಂದ ಮೆತ್ತಗಾಗಿ, ಸೆಗಣಿಯ ಗೊಬ್ಬರದೊಡನೆ ಹೊಸ ನೆಲಕ್ಕೆ ಬೀಳುತ್ತದೆ. ಹೀಗೆ ದನವೇ ಅದರ ಬಿತ್ತನೆಗಾರ. ಮತ್ತೆ ಅದರ ಎಲೆಯ ಕಸದಿಂದ ಇಳಿಯುವ ಸತ್ತ್ವಗಳು ಇತರ ಬೀಜಗಳ ಮೊಳಕೆಯನ್ನು ಅಡ್ಡಗಟ್ಟುತ್ತವೆ. ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿಯ ಕೆಳಗೆ ಹುಲ್ಲು ವಿರಳ; ಬನ್ನಿಯ ನೆರಳಿನಲ್ಲಿಯಾದರೋ ಸಜ್ಜೆ ಮೊದಲಾದ ಬೆಳೆಗಳು ಬಯಲಿಗಿಂತ ಹುಲುಸಾಗಿರುವುದನ್ನು ಒಣಭೂಮಿಯ ರೈತರು ಮೊದಲಿನಿಂದ ಬಲ್ಲರು, ವ್ಯವಸಾಯ ಶಾಸ್ತ್ರಜ್ಞರೂ ಪರೀಕ್ಷಿಸಿ ಒಪ್ಪಿದ್ದಾರೆ.

ಗುರುತಿಸುವ ಕ್ರಮ

ಎಳೆಯ ಗಿಡಗಳಲ್ಲಿ ಎರಡನ್ನೂ ಬೇರ್ಪಡಿಸಿ ತಿಳಿಯುವುದು ನಗರವಾಸಿಗೆ ಕಷ್ಟ. ಮುಳ್ಳನ್ನು ನೋಡುವುದೇ ಸುಲಭದ ಉಪಾಯ. ಬಳ್ಳಾರಿ ಜಾಲಿಯ ಮುಳ್ಳುಗಳು ಎಲೆ ಹುಟ್ಟುವ ಗೆಣ್ಣಿನಲ್ಲಿ, ಹೆಚ್ಚಾಗಿ ಜೋಡಿಯಾಗಿ, ನೀಳವಾಗಿ ನೆಟ್ಟಗೆ ಇರುತ್ತವೆ. ಬನ್ನಿಯ ಮುಳ್ಳುಗಳು ಚಿಕ್ಕವು; ಬುಡ ಅಗಲವಾಗಿ ತುದಿ ಚೂಪಾಗಿದ್ದು, ಗೆಣ್ಣು ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತವೆ. ಬನ್ನಿಯ ಎಲೆಗೆ ಬೂದುಛಾಯೆಯುಂಟು. ಕಾಯಿ ತೆಳುವಾಗಿ ಜೋತುಬೀಳುತ್ತದೆ. ಬಳ್ಳಾರಿ ಜಾಲಿಯ ಕಾಯಿ ದಪ್ಪ; ಮಾಗಿದಾಗ ಒಣಹುಲ್ಲಿನ ಹಳದಿಗೆ ತಿರುಗುತ್ತದೆ. ಕಡಿಯದೆ ಬಿಟ್ಟರೆ ಅದೂ ಮರವಾಗಬಲ್ಲುದು. ಕೊಡಲಿ ಬಿದ್ದಂತೆಲ್ಲ ಬುಡದಿಂದ ಹಲವು ಕವಲೊಡೆದು ಪೊದೆಯಾಗುವುದರಿಂದ ಜನರ ಕಣ್ಣಿಗೆ ಪೊದೆಯಾಗಿಯೇ ಪರಿಚಿತವಾಗಿದೆ.

ಈ ಗುರುತು ಕೇವಲ ಪಾಂಡಿತ್ಯಕ್ಕೆ ಬೇಕಾದುದಲ್ಲ. ಕೆರೆಯಂಗಳವನ್ನೋ ಖಾಲಿ ನಿವೇಶನವನ್ನೋ ಚೊಕ್ಕಟ ಮಾಡುವಾಗ ಮುಳ್ಳಿರುವುದೆಲ್ಲ ಒಂದೇ ಕತ್ತಿಗೆ ಬೀಳುವ ಸಂಭವವಿರುತ್ತದೆ. ಬಳ್ಳಾರಿ ಜಾಲಿಯು ಮತ್ತೆ ಬುಡದಿಂದ ಚಿಗುರಿ ಕೆಲವೇ ವರ್ಷಗಳಲ್ಲಿ ತಲೆಯೆತ್ತುತ್ತದೆ. ಬನ್ನಿಯೂ ಚಿಗುರಬಲ್ಲುದಾದರೂ ಅದರ ಬೆಳವಣಿಗೆ ನಿಧಾನ. ಚಿಗುರು ಮೇಲೇಳುವ ಮೊದಲೇ ಆಡಿನ ಬಾಯಿಗೆ ಸಿಕ್ಕುತ್ತದೆ. ಹೀಗೆ ಇಬ್ಬರಿಗೂ ಸಮನಾದ ಶಿಕ್ಷೆ ವಿಧಿಸಿದಾಗ ಸಾಯುವುದು ಸ್ವದೇಶದ ಮರವೇ.

ಬನ್ನಿಯ ಉಪಯೋಗಗಳು

ಶಮೀವೃಕ್ಷದ ಧಾರ್ಮಿಕ ಮಹಿಮೆ ಕನ್ನಡಿಗರಿಗೆ ಹೊಸತಲ್ಲ. ವಿರಾಟನಗರಿಯನ್ನು ಹೊಗುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನು ಅದರ ಮೇಲೆ ಅಡಗಿಸಿಟ್ಟ ಕಥೆ ಮನೆಮನೆಯ ಮಾತು. ಮೈಸೂರಿನ ವಿಜಯದಶಮಿಯ ಮೆರವಣಿಗೆ ಮುಟ್ಟುವ ಸ್ಥಳಕ್ಕೆ ಬನ್ನಿಮಂಟಪವೆಂದೇ ಹೆಸರು. ವೈದಿಕರು ಬೆಂಕಿ ಕಡೆಯುವ ಅರಣಿಗೆ ಶಮಿಯಲ್ಲಿ ಹುಟ್ಟಿ ಬೆಳೆದ ಅಶ್ವತ್ಥದ ಕಟ್ಟಿಗೆಯನ್ನು ವಿಧಿಸಿದರು. ಅಗ್ನಿಯು ಶಮಿಯ ಗರ್ಭದಲ್ಲಿರುವನೆಂಬ ಭಾವನೆ ಇದರ ಹಿಂದೆ ಇದೆ. ಅದರ ಕಟ್ಟಿಗೆ ಉತ್ತಮ ಸೌದೆಯೆಂಬ ಲೋಕಾನುಭವಕ್ಕೂ ಈ ಭಾವನೆಗೂ ವಿರೋಧವಿಲ್ಲ.

ಲೌಕಿಕವಾಗಿ ನೋಡಿದರೆ ಬನ್ನಿಯ ಸೊಪ್ಪು ಮೇವು, ಕಾಯಿ ತರಕಾರಿ, ಕಟ್ಟಿಗೆ ನೇಗಿಲಿಗೂ ಒಲೆಗೂ ಒದಗುವ ವಸ್ತು. ರಾಜಸ್ಥಾನದಲ್ಲಿ ಎಳೆಗಾಯಿಗಳನ್ನು ‘ಸಾಂಗ್ರಿ’ಯೆಂದು ಒಣಗಿಸಿಟ್ಟು ವರ್ಷವಿಡೀ ಪಲ್ಯ ಮಾಡುತ್ತಾರೆ. 1899-1900ರ ಭೀಕರ ಕ್ಷಾಮದಲ್ಲಿ ಅಲ್ಲಿನ ಜನ ಇದರ ತೊಗಟೆಯನ್ನು ಕುಟ್ಟಿ ಹಿಟ್ಟಿಗೆ ಬೆರೆಸಿ ಜೀವ ಉಳಿಸಿಕೊಂಡರು. ಈ ಮರಕ್ಕಾಗಿ ಜೀವ ಕೊಟ್ಟವರೂ ಉಂಟು. 1730ರಲ್ಲಿ ಜೋಧಪುರದ ಅರಸನ ಸೇವಕರು ಅರಮನೆಯ ಸುಣ್ಣದ ಗೂಡಿಗೆಂದು ಖೇಜಡ್ಲಿ ಗ್ರಾಮದ ಮರಗಳನ್ನು ಕಡಿಯಬಂದಾಗ, ಅಮೃತಾದೇವಿಯೆಂಬ ಬಿಷ್ಣೋಯಿ ಹೆಂಗಸು ಮೊದಲ್ಗೊಂಡು 363 ಮಂದಿ ಮರವನ್ನು ಅಪ್ಪಿ ಪ್ರಾಣ ತೆತ್ತರೆಂದು ಆ ಪಂಗಡದವರ ಪರಂಪರೆ ಹೇಳುತ್ತದೆ. ಅದೇ ಜೋಧಪುರವು ಇನ್ನೂರ ಹತ್ತು ವರ್ಷಗಳ ತರುವಾಯ ಪರದೇಶದ ಮುಳ್ಳನ್ನು ರಾಜಸಸ್ಯವೆಂದು ಸಾರಿದುದು ಚಿಂತನೆಗೆ ಯೋಗ್ಯವಾದ ಸಂಗತಿ.

ಬಳ್ಳಾರಿ ಜಾಲಿಯ ಉಪಯೋಗಗಳು

ಬಳ್ಳಾರಿ ಜಾಲಿಯನ್ನು ಕೇವಲ ಪೀಡೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರ ಕಟ್ಟಿಗೆ ಗಟ್ಟಿ. ಹಸಿಯಾಗಿಯೂ ಚೆನ್ನಾಗಿ ಉರಿಯುತ್ತದೆ. ಕಿಲೋಗ್ರಾಮಿಗೆ ಸುಮಾರು 5000 ಕಿಲೋಕ್ಯಾಲೊರಿಗಳಷ್ಟು ಶಾಖ ಕೊಡುತ್ತದೆ. ಇದರ ಇದ್ದಲು ಉತ್ತಮ ದರ್ಜೆಯದು. ತಮಿಳುನಾಡಿನ ರಾಮನಾಥಪುರದ ಕಡೆ ಇದ್ದಲು ಸುಡುವುದು ಅನೇಕ ಬಡ ಕುಟುಂಬಗಳ ಜೀವನೋಪಾಯ. ಇಟ್ಟಿಗೆ ಗೂಡುಗಳಿಗೆ, ಹೋಟೆಲಿನ ಒಲೆಗಳಿಗೆ, ಸಣ್ಣ ವಿದ್ಯುತ್ ಸ್ಥಾವರಗಳಿಗೆ ಈ ಸೌದೆ ಸಲ್ಲುತ್ತದೆ. ಹೊಲದ ಬೇಲಿಗೆ ಇದರ ಮುಳ್ಳುಕೊಂಬೆ ಸಾಕು. ಹೂವು ಜೇನಿಗೆ ಒಳ್ಳೆಯ ಆಸರೆ. ಉಪ್ಪು ಸೇರಿ ಬೇರೇನೂ ಬೆಳೆಯದ ಚೌಳು ನೆಲದಲ್ಲಿಯೂ ಅದು ಹಸಿರನ್ನು ಹೊದಿಸಬಲ್ಲುದು. ಎಲ್ಲಕ್ಕೂ ಮಿಗಿಲಾಗಿ, ಸೌದೆಗೆಂದು ಕಾಡನ್ನು ಹೊಗದಂತೆ ಊರ ಪಕ್ಕದಲ್ಲಿಯೇ ಬಡವರಿಗೆ ಇಂಧನ ಒದಗಿಸಿ, ಉಳಿದ ಮರಗಳನ್ನು ಪರೋಕ್ಷವಾಗಿ ಕಾಪಾಡಿದೆ.

ಕಾಯಿಯಲ್ಲಿ ಸಕ್ಕರೆಯೂ ಪೋಷಕಾಂಶಗಳೂ ಇರುವುದರಿಂದ ಅದನ್ನು ಹಿಟ್ಟು ಮಾಡಿ ಪಶು ಆಹಾರದಲ್ಲಿ ಬೆರೆಸಬಹುದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೀಜವೂ ಒಡೆಯುವಂತೆ ನುಣ್ಣಗೆ ಅರೆದರೆ ಮಾತ್ರ ಮೇವೂ ಆಯಿತು, ಹರಡುವಿಕೆಯೂ ನಿಂತಿತು. ಇಡೀ ಕಾಯನ್ನೇ ತಿನ್ನಬಿಟ್ಟರೆ ಬಿತ್ತನೆಯಾಗುತ್ತದೆ; ಅತಿಯಾಗಿ ತಿಂದರೆ ಪಶುವಿಗೂ ಕೇಡು. ಕೀನ್ಯ ದೇಶದಲ್ಲಿ ಈ ಗಿಡವನ್ನು ನೆಡಿಸಿದ್ದಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡಿದ ದನಗಾಹಿಗಳು, ಸಿಹಿಗಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯೊಂದನ್ನು ನ್ಯಾಯಾಲಯಕ್ಕೇ ಕರೆತಂದರು.

ಮಾಡಬೇಕಾದುದೇನು

ಈ ಗಿಡದ ಅಪರಾಧಗಳನ್ನು ಎಣಿಸುವಾಗ ಅತಿಶಯೋಕ್ತಿಯೂ ಸೇರಿಕೊಂಡಿದೆ. ಅದು ಗಾಳಿಯ ತೇವವನ್ನೆಲ್ಲ ಹೀರಿ ಮಳೆಯನ್ನೇ ತಡೆಯುತ್ತದೆಂಬ ಮಾತಿಗೆ ಆಧಾರವಿಲ್ಲ. ಆದರೆ ಆಳದ ನೀರನ್ನು ಬೇಸಗೆಯಲ್ಲಿಯೂ ಬಳಸುವುದು, ಹುಲ್ಲುಗಾವಲನ್ನು ಮುಚ್ಚುವುದು, ಕೆರೆಯಂಗಳವನ್ನೂ ಕಾಲುವೆಯನ್ನೂ ಕಟ್ಟುವುದು ನಿಜ. ಇದರಿಂದ ಹೆಚ್ಚು ನಷ್ಟಕ್ಕೊಳಗಾಗುವವನು ಸ್ವಂತ ಹೊಲವಿಲ್ಲದೆ ಗೋಮಾಳವನ್ನೇ ನಂಬಿದ ಕುರಿಗಾರ. ಇದರಿಂದ ಹೆಚ್ಚು ಲಾಭ ಪಡೆಯುವವರು ಸ್ವಂತ ಮರವಿಲ್ಲದೆ ಸೌದೆಯನ್ನು ಆಯ್ದು ತರುವ ಹೆಂಗಸರು. ಇಬ್ಬರೂ ಒಂದೇ ಊರಿನ ಬಡವರು. ಹಲವು ವೇಳೆ ಒಂದೇ ಮನೆಯವರು. ‘ಬೇರು ಸಹಿತ ಕಿತ್ತೊಗೆಯಿರಿ’ ಎಂಬ ಆಜ್ಞೆಯೂ ‘ಇದ್ದಂತೆ ಇರಲಿ’ ಎಂಬ ಉದಾಸೀನವೂ ಇವರಲ್ಲಿ ಒಬ್ಬರಿಗೆ ಅನ್ಯಾಯ ಮಾಡದೆ ಇರುವುದಿಲ್ಲ.

ತಮಿಳುನಾಡಿನಲ್ಲಿ ಉಚ್ಚ ನ್ಯಾಯಾಲಯದವರೆಗೂ ಈ ವಿಷಯ ಹೋಗಿ, 2022ರಲ್ಲಿ ಅಲ್ಲಿನ ಸರ್ಕಾರವು ಆಕ್ರಮಣಕಾರಿ ಸಸ್ಯಗಳನ್ನು ಕುರಿತ ನೀತಿಯೊಂದನ್ನು ಪ್ರಕಟಿಸಿತು. ನೀತಿ ಯಾವುದೇ ಆಗಲಿ, ಗಿಡದ ಸ್ವಭಾವವನ್ನರಿತು ನಡೆದರೆ ಮಾತ್ರ ಫಲ. ನೆಲಮಟ್ಟಕ್ಕೆ ಕಡಿಯುವುದರಿಂದ ಪೊದೆ ಇನ್ನೂ ದಟ್ಟವಾಗುತ್ತದೆ. ಚಿಗುರುವ ಭಾಗ ಮಣ್ಣಿನೊಳಗಿರುವುದರಿಂದ ಸುಮಾರು ಒಂದು ಅಡಿ ಆಳಕ್ಕೆ ಅಗೆದು ಬುಡವನ್ನು ತೆಗೆಯಬೇಕು. ಬೀಜವು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲುದಾದ ಕಾರಣ ಮುಂದಿನ ಮಳೆಗಾಲಗಳಲ್ಲಿಯೂ ಸಸಿಗಳನ್ನು ಕೀಳುತ್ತಿರಬೇಕು. ತೆರವಾದ ನೆಲವನ್ನು ಬರಿದಾಗಿ ಬಿಡದೆ ಹುಲ್ಲನ್ನೋ ನಾಡಿನ ಮರಗಳನ್ನೋ ಒಡನೆಯೇ ಬೆಳೆಸಬೇಕು. ಕೆರೆ, ಗೋಮಾಳ, ಕಾಲುವೆಗಳಿಂದ ಇದನ್ನು ತೆಗೆದು, ಚೌಳು ಬಿದ್ದ ಬಂಜರಿನಲ್ಲಿ ಸೌದೆಗೆಂದು ಉಳಿಸಿ ಕಾಯಿ ಮಾಗುವ ಮುನ್ನ ಸವರುತ್ತಿದ್ದರೆ ಕುರಿಗಾರನಿಗೂ ಸೌದೆಯವಳಿಗೂ ದಾರಿ ಉಳಿದೀತು.

ಬನ್ನಿಯ ವಿಷಯದಲ್ಲಿ ಮಾಡಬೇಕಾದುದು ಇದಕ್ಕಿಂತ ಸರಳ. ಆದರೂ ಯಾರೂ ಮಾಡದಿರುವಂಥದು. ದಸರೆಯ ಹಿಂದಿನ ದಿನ ಹೈದರಾಬಾದಿನ ಮಾರುಕಟ್ಟೆಗಳಿಗೆ ಕಟ್ಟು ಕಟ್ಟಾಗಿ ಬರುವ ಜಮ್ಮಿಯ ಕೊಂಬೆಗಳು ಎಲ್ಲಿಯೋ ನಿಂತ ಮರಗಳಿಂದ ಕಡಿದು ತಂದುವು. ಒಂದು ದಿನದ ಬಂಗಾರಕ್ಕಾಗಿ ಕೊಂಬೆ ಕಳೆದುಕೊಂಡ ಮರಕ್ಕೆ ಮರುವರ್ಷ ಅಷ್ಟೇ ಕೊಂಬೆ ಬರಬೇಕಾದರೆ ಅದಕ್ಕೆ ಬಿಡುವು ಬೇಕು. ಮರದ ಬದಲು ಮರ ಬೇಕಾದರೆ ಯಾರಾದರೂ ನೆಡಬೇಕು. ಬೀಜವನ್ನು ಬಿಸಿನೀರಿನಲ್ಲಿ ನೆನೆಸಿಟ್ಟರೆ ಮೊಳಕೆ ಸುಲಭ. ತಾಯಿಬೇರು ನೀಳವಾದುದರಿಂದ ಆಳವಾದ ಚೀಲದಲ್ಲಿ ಬೆಳೆಸಿ, ಮಳೆಗಾಲದ ಮೊದಲಿಗೆ ನೆಟ್ಟು, ಎರಡು ಮೂರು ವರ್ಷ ಆಡಿನಿಂದ ಕಾಯಬೇಕು. ಆಮೇಲೆ ಅದಕ್ಕೆ ಮನುಷ್ಯನ ನೆರವು ಬೇಕಾಗುವುದಿಲ್ಲ. ನಗರದ ಕನ್ನಡ ಶಾಲೆಗಳ, ಸಂಘಗಳ ಅಂಗಳಗಳಲ್ಲಿ ಒಂದೊಂದು ಬನ್ನಿ ಬೆಳೆದರೆ, ಹೊರನಾಡಿನಲ್ಲಿ ಹುಟ್ಟಿದ ಮಕ್ಕಳು ವಿಜಯದಶಮಿಯಂದು ತಾವು ಕೈಯಲ್ಲಿ ಹಿಡಿಯುವ ಎಲೆ ಯಾವ ಮರದ್ದೆಂಬುದನ್ನು ಮರವನ್ನೇ ನೋಡಿ ತಿಳಿಯಬಹುದು. ನೆರೆಯ ತೆಲುಗರಿಗೂ ಅದು ತಮ್ಮ ಜಮ್ಮಿಯೇ ಆದುದರಿಂದ ಈ ಕಾರ್ಯದಲ್ಲಿ ಅವರ ಸಹಕಾರ ದೊರೆಯುವುದು ಕಷ್ಟವಾಗಲಾರದು.